ಕೊನೆಯ ಪದ ನುಂಗುವ ಪೆಟ್ಟಿಗೆ

ನನ್ನ ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ‘ಸ್ಕೇಲ್ ಸರ್’ ಎನ್ನುತ್ತಾರೆ. ನನಗದು ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ನನ್ನ ಪಾಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ರೆಕಾರ್ಡ್ ಪುಸ್ತಕ ಮುಂದಿಟ್ಟರೆ ನಾನು ಮೊದಲು ಪ್ರೋಗ್ರಾಮನ್ನು ಓದುವುದಿಲ್ಲ. ಸ್ಕೇಲ್ ಇಟ್ಟು ಸಾಲುಗಳು ಎಲ್ಲಿಂದ ಶುರುವಾಗಿವೆ ಎಂದು ನೋಡುತ್ತೇನೆ. ಒಂದು ಆಜ್ಞೆಯ ಒಳಗೆ ಬರುವ ಸಾಲು ಗೊತ್ತಾದಷ್ಟು ಜಾಗ ಬಿಟ್ಟು ಒಳಗೇ ಇರಬೇಕು, ಅದು ಮುಗಿದ ಮೇಲಿನ ಸಾಲು ಹೊರಗೆ ಬರಬೇಕು. ಸೊಟ್ಟಗಿದ್ದರೆ ಕೆಂಪು ಗೆರೆ, ಸಹಿ ಇಲ್ಲ.

ಊರ್ಡಿಗೆರೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿಯ ರೆಕಾರ್ಡನ್ನು ಮೂರು ಸಲ ವಾಪಸು ಕಳಿಸಿದ್ದೆ. ಮೂರನೆಯ ಸಲ ಅವಳು ಮೆಲ್ಲಗೆ, “ಸರ್, ಪ್ರೋಗ್ರಾಂ ಓಡ್ತಾ ಇದೆಯಲ್ಲ ಸರ್” ಅಂದಳು. “ಓಡೋದು ಬೀದಿನಾಯೀನೂ ಓಡ್ತದೆ, ನೆಟ್ಟಗೆ ಬರೆಯೋದು ಕಲಿ ಮೊದ್ಲು” ಅಂದೆ. ಸುತ್ತ ನಿಂತವರು ನಕ್ಕರು. ಅವಳು ಪುಸ್ತಕ ಎದೆಗೆ ಒತ್ತಿಕೊಂಡು ಹೋದಳು. ಅವತ್ತು ನನಗೆ ಏನೂ ಅನ್ನಿಸಲಿಲ್ಲ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದೆ.

ಅಕ್ಕ ಗುಬ್ಬಿಯಲ್ಲಿದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳಿಗೆ ನಲವತ್ತು ತುಂಬುವ ಹೊತ್ತಿಗೆ ಗ್ಲಾಕೋಮಾ ಬಂದು ಎರಡೂ ಕಣ್ಣು ಹೋದವು. ಕೆಲಸ ಬಿಟ್ಟಳು, ಪಾಠ ಬಿಡಲಿಲ್ಲ. ಚೇಳೂರು ಕಡೆಯಿಂದೆಲ್ಲ ಎಸ್ಸೆಸ್ಸೆಲ್ಸಿ ಮಕ್ಕಳು ಅವಳ ಮನೆಗೆ ಟ್ಯೂಷನ್ನಿಗೆ ಬರುತ್ತಾರೆ. ಅವರು ಮೇಲ್ ಮಾಡುವ ಪ್ರಬಂಧಗಳನ್ನೂ ತಾನು ತಯಾರಿಸುವ ಪ್ರಶ್ನೆಪತ್ರಿಕೆಗಳನ್ನೂ ಅವಳು ಕಂಪ್ಯೂಟರಿನಲ್ಲೇ ಓದುತ್ತಾಳೆ, ಕಿವಿಯಿಂದ.

ಓದಿ ಹೇಳುವುದು ಒಂದು ಕಪ್ಪು ಪೆಟ್ಟಿಗೆ. ಟಿಫನ್ ಡಬ್ಬಿಯಷ್ಟು ದೊಡ್ಡದು. ಕಂಪ್ಯೂಟರಿಗೆ ವೈರಿನಿಂದ ಜೋಡಿಸಿದರೆ ಪರದೆಯ ಮೇಲೆ ಬಂದದ್ದನ್ನು ಮೂಗು ಕಟ್ಟಿದವನ ದನಿಯಲ್ಲಿ ಇಂಗ್ಲಿಷಿನಲ್ಲಿ ಓದುತ್ತದೆ. ತುಮಕೂರಿನ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನಮಗೆ ಪರಿಚಯವಾದ, ಕುಣಿಗಲ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಅದನ್ನು ಕೊಟ್ಟರು. ಅವರಿಗೂ ಕಣ್ಣು ಹೋಗಿತ್ತು. ದುಬೈನಲ್ಲಿದ್ದ ನೆಂಟರು ಎರಡು ಪೆಟ್ಟಿಗೆ ತಂದಿದ್ದರಂತೆ, ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ಅಕ್ಕನ ಕೈಗಿತ್ತರು. ಈಗ ಫೋನೂ ಮಾತಾಡುತ್ತದೆ, ಅದಕ್ಕಿಂತ ಇಂಪಾಗಿಯೇ ಮಾತಾಡುತ್ತದೆ. ಅಕ್ಕ ಫೋನನ್ನು ಬಳಸುತ್ತಾಳೆ ಕೂಡ. ಆದರೆ ಪಾಠದ ಕೆಲಸಕ್ಕೆ ಪೆಟ್ಟಿಗೆಯೇ ಬೇಕು. ಕಂಪ್ಯೂಟರ್ ಆನ್ ಮಾಡಿದ ಗಳಿಗೆಯಿಂದ ಅದು ಮಾತಾಡುತ್ತದೆ, ಏನಾದರೂ ಕೆಟ್ಟರೆ ಏನು ಕೆಟ್ಟಿತೆಂದೂ ಹೇಳುತ್ತದೆ. ಬೆರಳು ಕೀಲಿಗಳ ಮೇಲಿಟ್ಟುಕೊಂಡು, ಬೇಕಾದ ಸಾಲಿಗೆ, ಬೇಕಾದ ಅಕ್ಷರಕ್ಕೆ ಹೋಗಿ ನಿಂತು ಕೇಳಬಹುದು. ಒಂದು ಪ್ರಬಂಧದಲ್ಲಿ ಅಲ್ಪವಿರಾಮ ಎಲ್ಲಿ ತಪ್ಪಿದೆಯೆಂದು ಅಕ್ಕ ಹಿಡಿಯುವಷ್ಟು ಬೇಗ ನಾನು ಕಣ್ಣಿದ್ದೂ ಹಿಡಿಯಲಾರೆ.

ಒಂದು ದಿನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಆಯಿತು. ಆವತ್ತಿನಿಂದ ಪೆಟ್ಟಿಗೆ ಪ್ರತಿ ಸಾಲಿನ ಕೊನೆಯ ಪದವನ್ನು ನುಂಗತೊಡಗಿತು. ಒಂದೊಂದೇ ಅಕ್ಷರ ಓದಿಸಿದರೆ ಸರಿಯಾಗಿ ಹೇಳುತ್ತಿತ್ತು. ಸಾಲು ಪೂರ್ತಿ ಓದಿಸಿದರೆ ಕೊನೆಗೆ ಗಂಟಲು ಹಿಡಿದಂತೆ ನಿಂತುಬಿಡುತ್ತಿತ್ತು. ಅಕ್ಕ ಪ್ರತಿ ಸಾಲಿನ ತುದಿಗೂ ಹೋಗಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಒಂದು ಪ್ರಬಂಧಕ್ಕೆ ಒಂದು ಬೆಳಗ್ಗೆ ಹಿಡಿಯಿತು. ಆಮೇಲೆ ನನಗೆ ಫೋನ್ ಮಾಡಿದಳು.

ನನ್ನ ಕಸುಬೇ ಅದು, ಹಾಗಾಗಿ ತಪ್ಪನ್ನು ಎರಡು ಭಾನುವಾರದಲ್ಲಿ ಹುಡುಕಿದೆ. ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಹೊರಗಿನ ಯಂತ್ರಗಳ ಜೊತೆ ಮಾತಾಡಲು ಅದರೊಳಗೆ ಒಂದೊಂದು ಯಂತ್ರಕ್ಕೂ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ, ಅದು ಡ್ರೈವರ್. ಈ ಪೆಟ್ಟಿಗೆಯ ಡ್ರೈವರನ್ನು ಯಾರೋ ಚುರುಕಾಗಿಸಲು ಹೋಗಿ, ಪೆಟ್ಟಿಗೆ ಮಾತು ಮುಗಿಸುವ ಮೊದಲೇ ಸಾಲು ಮುಗಿಯಿತೆಂದು ಅದನ್ನು ನಿಲ್ಲಿಸುವಂತೆ ಮಾಡಿದ್ದರು. ಅದು ಮುಗಿಸುವ ತನಕ ಕಾಯು ಎಂದು ನಾಲ್ಕು ಸಾಲು ಸೇರಿಸಿದೆ. ಪೆಟ್ಟಿಗೆ ಕೊನೆಯ ಪದವನ್ನು ಮತ್ತೆ ಹೇಳಿತು. ಅಕ್ಕ ಆ ದಿನ ಒಬ್ಬಟ್ಟು ಮಾಡಿದ್ದಳು.

ಮುಂದಿನ ಅಪ್‌ಡೇಟಿಗೆ ನನ್ನ ನಾಲ್ಕು ಸಾಲು ಅಳಿಸಿಹೋದವು. ಮತ್ತೆ ಫೋನು, ಮರಳೂರಿನ ನನ್ನ ಮನೆಯಿಂದ ಮತ್ತೆ ಗುಬ್ಬಿ ಬಸ್ಸು. ಅಪ್‌ಡೇಟ್ ಆಗದಂತೆ ನಿಲ್ಲಿಸಿಯೂ ನೋಡಿದೆ. ಆರು ತಿಂಗಳಿಗೆ, ಸಿಸ್ಟಮ್ ಹಳೆಯದಾಯಿತೆಂದು, ಅವಳ ಮೇಲ್ ತೆರೆಯುವುದೇ ನಿಂತಿತು. ಒಂದು ಸಲ ನನಗೆ ಪರೀಕ್ಷೆ ಡ್ಯೂಟಿ, ಎರಡು ವಾರ ಹೋಗಲಾಗಲಿಲ್ಲ. ಹೋದಾಗ ಅಕ್ಕ ಮುಖ ಗಂಟು ಹಾಕಿಕೊಂಡು ಕೂತಿದ್ದಳು.

“ಕಣ್ಣು ಹೋದಾಗ ಅತ್ತಿದ್ದು ಮೂರೇ ದಿನ ಕಣೋ. ಆಮೇಲೆ ಯಾರ್ನೂ ಕಾಯ್ದಂಗೆ ಬದುಕ್ದೆ. ಈಗ ಒಂದು ಪದಕ್ಕೆ ನಿನ್ನ ದಾರಿ ನೋಡ್ಕಂಡು ಕೂರ್ಬೇಕಲ್ಲ. ನನ್ ಕೈಲಿ ಆಗಲ್ಲ ಅದು.”

“ಕರ್ನಲ್‌ಗೇ ಸೇರಿಸಿಬಿಡ್ತೀನಿ ಅಕ್ಕ. ಮೂಲದಲ್ಲೇ ಸೇರಿಬಿಟ್ರೆ ಪ್ರತಿ ಅಪ್‌ಡೇಟಲ್ಲೂ ತಾನೇ ಬರ್ತದೆ” ಅಂದೆ.

“ಸೇರಿಸ್ತಾರಾ?”

“ಯಾಕೆ ಸೇರಿಸಲ್ಲ? ಸರಿಯಾಗಿರೋದನ್ನ ಯಾರಾದ್ರೂ ಬೇಡ ಅಂತಾರಾ” ಅಂದೆ. ಇಪ್ಪತ್ತು ವರ್ಷ ಅದನ್ನೇ ಮಾಡಿಕೊಂಡು ಬಂದವನು ಈ ಮಾತು ಹೇಗೆ ಆಡಿದೆನೋ.

ಈ ಕರ್ನಲ್ ಯಾವುದೋ ಕಂಪನಿಯ ಬೀಗದೊಳಗೆ ಇರುವಂಥದ್ದಲ್ಲ. ಲೋಕದ ನಾನಾ ಮೂಲೆಯವರು ಕೂಡಿ ಬರೆಯುತ್ತಾರೆ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಅದಕ್ಕೆ ಪ್ಯಾಚ್ ಎನ್ನುತ್ತಾರೆ. ಕಳಿಸುವುದು ಮೇಲ್‌ನಲ್ಲೇ. ಒಂದೊಂದು ಭಾಗ ನೋಡಿಕೊಳ್ಳಲು ಒಬ್ಬೊಬ್ಬರಿದ್ದಾರೆ, ಅವರು ಒಪ್ಪಬೇಕು. ಒಪ್ಪುವ ಮೊದಲು ಬರವಣಿಗೆಯ ಶೈಲಿ ನೋಡುತ್ತಾರೆ. ಆ ನಿಯಮಗಳ ಕಡತವನ್ನು ನಾನು ತೆರೆದು ಓದಿದೆ. ಓದುತ್ತ ಓದುತ್ತ ನನಗೆ ಸಂತೋಷವಾಯಿತು, ಸುಳ್ಳೇಕೆ. ಒಳಸಾಲಿಗೆ ಎಂಟು ಅಕ್ಷರದಷ್ಟು ಜಾಗ ಬಿಡಬೇಕು, ಅದೂ ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಿಯೇ ಬಿಡಬೇಕು, ಸ್ಪೇಸ್ ಕೀಲಿಯನ್ನು ಎಂಟು ಸಲ ಕುಟ್ಟಿ ಅಲ್ಲ. ಮೂರು ಮಟ್ಟಕ್ಕಿಂತ ಒಳಗೆ ಹೋಗಬೇಕಾಗಿ ಬಂದರೆ ನಿನ್ನ ಯೋಚನೆಯೇ ಸರಿಯಿಲ್ಲ, ತಿದ್ದಿಕೋ. ಸಾಲು ಎಂಬತ್ತು ಅಕ್ಷರ ದಾಟದಿದ್ದರೆ ಒಳ್ಳೆಯದು. ಸಾಲಿನ ತುದಿಯಲ್ಲಿ ಬರಿದೇ ಸ್ಪೇಸ್ ಬಿಟ್ಟಿರಬಾರದು. ಒಂದು ಕಡೆ ಆವರಣ ಚಿಹ್ನೆಯನ್ನು ಅದೇ ಸಾಲಿನಲ್ಲಿ ತೆರೆಯಬೇಕು, ಇನ್ನೊಂದು ಕಡೆ ಕೆಳಗಿನ ಸಾಲಿಗೆ ಇಳಿಸಬೇಕು. ನನ್ನಂಥ ಸ್ಕೇಲ್ ಮೇಷ್ಟ್ರುಗಳು ಲೋಕದಲ್ಲಿ ಇನ್ನೂ ಇದ್ದಾರೆ ಅನ್ನಿಸಿತು.

ಮೊದಲ ಪ್ಯಾಚ್ ಕಳಿಸಿದೆ. ಆ ಭಾಗ ನೋಡಿಕೊಳ್ಳುವವರು ಎರಡು ದಿನಕ್ಕೆ ಉತ್ತರ ಬರೆದರು. ಸಾಲೊಂದು ಉದ್ದವಾಗಿದೆ, ಟಿಪ್ಪಣಿಯ ನಕ್ಷತ್ರಚಿಹ್ನೆಗಳು ಒಂದರ ಕೆಳಗೊಂದು ಬಂದಿಲ್ಲ. ಒಪ್ಪಿದೆ, ತಿದ್ದಿದೆ. ಎರಡನೆಯದಕ್ಕೆ, ಶೀರ್ಷಿಕೆಯಲ್ಲಿ ಸರಿಪಡಿಸಿದ್ದೇನೆ ಎಂದು ಬರೆಯಬಾರದು, ಸರಿಪಡಿಸು ಎಂದು ಬರೆಯಬೇಕು ಅಂದರು. ಕರ್ನಲ್‌ಗೆ ಅಪ್ಪಣೆ ಕೊಡುವ ಹಾಗೆ. ಅದನ್ನೂ ತಿದ್ದಿದೆ. ಮೂರನೆಯದಕ್ಕೆ ಬಂದ ಉತ್ತರ ಒಂದೇ ಸಾಲು. ಟ್ಯಾಬ್‌ಗಳ ಬದಲು ಸ್ಪೇಸ್ ಬಂದಿವೆ, ಪ್ಯಾಚ್ ಮೂಲಕ್ಕೆ ಸೇರಿಕೊಳ್ಳುವುದಿಲ್ಲ, ಸರಿ ಮಾಡಿ ಕಳಿಸಿ.

ನನ್ನ ಕಡತದಲ್ಲಿ ನೋಡಿದರೆ ಎಲ್ಲ ಟ್ಯಾಬ್‌ಗಳೇ. ಶೈಲಿ ಪರೀಕ್ಷಿಸುವ ಒಂದು ಪ್ರೋಗ್ರಾಂ ಇದೆ, ಅದಕ್ಕೆ ಹಾಕಿದೆ. ತಪ್ಪು ಸೊನ್ನೆ, ಎಚ್ಚರಿಕೆ ಸೊನ್ನೆ. ಮತ್ತೆ ಕಳಿಸಿದೆ. ಮತ್ತೆ ಅದೇ ಉತ್ತರ. ಸಾಲುಗಳನ್ನು ಅಳಿಸಿ ಹೊಸದಾಗಿ ಒತ್ತಿ ಬರೆದು ಐದನೆಯದು ಕಳಿಸಿದೆ. ಮತ್ತೆ ಅದೇ, ಈ ಸಲ ಜೊತೆಗೆ ನಿಯಮಗಳ ಕಡತದ ವಿಳಾಸ, ನಾನು ಓದೇ ಇಲ್ಲವೇನೋ ಎನ್ನುವ ಹಾಗೆ. ಪರದೆಯ ಮೇಲೆ ಟ್ಯಾಬೂ ಬಿಳಿ ಜಾಗ, ಎಂಟು ಸ್ಪೇಸೂ ಅದೇ ಬಿಳಿ ಜಾಗ. ಕನ್ನಡಕ ಒರೆಸಿಕೊಂಡು ಖಾಲಿ ಜಾಗವನ್ನು ದಿಟ್ಟಿಸುತ್ತ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ನಾನು ಏನು ತಪ್ಪು ಮಾಡುತ್ತಿದ್ದೇನೆ ಎಂಬುದೇ ನನಗೆ ಕಾಣುತ್ತಿರಲಿಲ್ಲ, ಕೇಳಲು ಕಾಲೇಜಿನಲ್ಲಿ ಯಾರೂ ಇರಲಿಲ್ಲ, ಕೇಳಲು ನನಗೆ ನಾಚಿಕೆಯೂ ಆಗುತ್ತಿತ್ತು.

ಕೋಪದಲ್ಲಿ ಒಂದು ಮೇಲ್ ಬರೆದೆ. ಈ ತಿದ್ದುಪಡಿ ಸರಿಯಾಗಿದೆ, ನಾನು ಓಡಿಸಿ ನೋಡಿದ್ದೇನೆ, ಇದು ಓಡುತ್ತಿದೆ ಎಂದು. ಕಳಿಸುವ ಮೊದಲು ಓದಿಕೊಂಡೆ. ಊರ್ಡಿಗೆರೆಯ ಹುಡುಗಿಯ ಮಾತನ್ನೇ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೆ. ಅವಳು ಓದು ಮುಗಿಸಿ ಹೋಗಿ ಎಷ್ಟೋ ವರ್ಷವಾಗಿತ್ತು. ಎಲ್ಲಿದ್ದಾಳೆಂದು ಗೊತ್ತಿಲ್ಲ, ಗೊತ್ತಿದ್ದರೂ ಏನೆಂದು ಹೇಳಲಿ. ಮೇಲ್ ಅಳಿಸಿದೆ. ಅವತ್ತು ನನ್ನ ಮೇಲೆ ನನಗೆ ಬಂದಷ್ಟು ಅಸಹ್ಯ ಇನ್ಯಾವತ್ತೂ ಬಂದಿಲ್ಲ.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದಾಗ ಎಲ್ಲ ಹೇಳಿದೆ. ಸೋತಿದ್ದೇನೆ ಅಂದೆ. ಅವಳು ಪೂರ್ತಿ ಕೇಳಿ, “ನೀನು ಬರೆದಿಟ್ಕಂಡಿರೋದು ಒಂದು, ಅವ್ರಿಗೆ ಹೋಗಿರೋದು ಒಂದು. ಎರಡನ್ನೂ ನನ್ ಮುಂದೆ ತೆಗಿ” ಅಂದಳು.

“ಎರಡೂ ಒಂದೇ ಅಕ್ಕ. ನೋಡಿದೀನಿ.”

“ನೋಡಿದ್ದು ಸಾಕು ಸುಮ್ನಿರು. ತೆಗಿ.”

ಮೊದಲು ನನ್ನ ಕಡತ ತೆರೆದುಕೊಟ್ಟೆ. ಅಕ್ಕ ಸಾಲಿನ ಮೊದಲಿಗೆ ಹೋಗಿ ಬಲಗಡೆಯ ಬಾಣದ ಕೀಲಿಯನ್ನು ಒಮ್ಮೆ ಒತ್ತಿದಳು. ಪೆಟ್ಟಿಗೆ ನೇರವಾಗಿ ಪದದ ಮೊದಲ ಅಕ್ಷರ ಹೇಳಿತು. ಆಮೇಲೆ ಕಳಿಸಿದ ಮೇಲ್ ತೆರೆದೆ. ಅದೇ ಸಾಲು. ಅಕ್ಕ ಬಾಣ ಒತ್ತಿದಳು. “ಸ್ಪೇಸ್” ಅಂದಿತು ಪೆಟ್ಟಿಗೆ. ಮತ್ತೆ ಒತ್ತಿದಳು. “ಸ್ಪೇಸ್.” ಏಳು ಸಲ ಹಾಗಂದು ಎಂಟನೆಯ ಸಲಕ್ಕೆ ಅಕ್ಷರ ಹೇಳಿತು.

“ಅಲ್ಲಿ ಒಂದೇ ನೆಗೆತ, ಇಲ್ಲಿ ಎಂಟು ಹೆಜ್ಜೆ. ಅವ್ರು ಹೇಳಿದ್ದು ನಿಜಾನೇ. ನೀನು ಎತ್ತಿ ಹಾಕೋವಾಗ ಏನೋ ಮಾಡ್ತಿದೀಯ” ಅಂದಳು.

ಆಗ ಹೊಳೆಯಿತು. ಕಾಲೇಜಿನ ನೆಟ್‌ವರ್ಕಿನಲ್ಲಿ ಪ್ಯಾಚ್ ಕಳಿಸುವ ಸಾಧನ ಕೆಲಸ ಮಾಡುತ್ತಿರಲಿಲ್ಲ, ತಡೆದಿದ್ದರು. ಹಾಗಾಗಿ ನಾನು ಪರದೆಯ ಮೇಲಿನ ಅಕ್ಷರಗಳನ್ನು ಮೌಸಿನಿಂದ ಎಳೆದು, ಕಾಪಿ ಮಾಡಿ, ಬ್ರೌಸರಿನ ಮೇಲ್‌ಗೆ ಅಂಟಿಸುತ್ತಿದ್ದೆ. ಪರದೆಯಿಂದ ಎಳೆದಾಗ ಟ್ಯಾಬ್ ಬರುವುದಿಲ್ಲ, ಅದರ ಜಾಗ ತುಂಬುವ ಸ್ಪೇಸ್‌ಗಳು ಬರುತ್ತವೆ. ಮಕ್ಕಳಿಗೆ ಪಾಠ ಮಾಡುವ ವಿಷಯ ಇದು. ಐದು ಸಲ ಒಂದೇ ಹಳ್ಳಕ್ಕೆ ಬಿದ್ದಿದ್ದೆ.

ಅಕ್ಕನ ಮನೆಯ ಇಂಟರ್‌ನೆಟ್ಟಿಗೆ ಆ ತಡೆ ಇರಲಿಲ್ಲ. ಅವಳ ಕಂಪ್ಯೂಟರಿನಿಂದಲೇ, ಅಂಟಿಸದೆ, ನೇರವಾಗಿ ಆರನೆಯ ಪ್ಯಾಚ್ ಕಳಿಸಿದೆ. ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, “ಇಂಜಿನಿಯರಿಂಗ್ ಕಾಲೇಜು ಮೇಷ್ಟ್ರಂತೆ” ಅಂದಳು. ತಿಂಗಳುಗಳ ನಂತರ ಇಬ್ಬರೂ ಹೊಟ್ಟೆ ತುಂಬ ನಕ್ಕೆವು.

ಈ ಸಲ ಉತ್ತರ ಬರಲು ಹತ್ತು ದಿನವಾಯಿತು. ಶೈಲಿ ಈಗ ಸರಿಯಾಗಿದೆ, ಧನ್ಯವಾದ ಎಂದು ಶುರುವಾಗಿತ್ತು. ಕೆಳಗೆ ಇನ್ನೊಂದು ಮಾತಿತ್ತು. ಈ ಪೆಟ್ಟಿಗೆಗಳನ್ನು ತಯಾರಿಸುವುದು ನಿಂತು ಬಹಳ ಕಾಲವಾಗಿದೆ, ಬಳಸುವವರು ಯಾರೂ ಇದ್ದಂತಿಲ್ಲ, ಹಾಗಾಗಿ ಈ ಡ್ರೈವರನ್ನೇ ಕರ್ನಲ್‌ನಿಂದ ತೆಗೆಯುವ ಪ್ರಸ್ತಾಪವಿದೆ. ಬಳಸುವವರಿದ್ದರೆ ದಯವಿಟ್ಟು ತಿಳಿಸಿ.

ಬೈಯೋಣವೆಂದರೆ ಬೈಯುವಂಥ ಮಾತು ಅದರಲ್ಲಿ ಒಂದೂ ಇರಲಿಲ್ಲ. ಐದು ಸಲ ತಿದ್ದಿಸಿ, ನೆಟ್ಟಗಾದ ಮೇಲೆ, ಕೂರಿಸಲು ಮನೆಯೇ ಇಲ್ಲ ಅಂದ ಹಾಗಾಯಿತು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

“ಇದ್ದೀನಿ ಅಂತ ಹೇಳು” ಅಂದಳು.

ಒಬ್ಬಳೇ ಎಂದರೆ ಕೇಳುತ್ತಾರೋ ಇಲ್ಲವೋ, ಇನ್ನೊಬ್ಬರು ಸಿಕ್ಕರೆ ಮಾತಿಗೆ ತೂಕ ಬರುತ್ತದೆ ಎಂದುಕೊಂಡು ಕುಣಿಗಲ್ ಬಸ್ ಹತ್ತಿದೆ. ಸಾಹೇಬರು ಅಂಗಡಿಯನ್ನು ಅಳಿಯನಿಗೆ ಬಿಟ್ಟು ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದು, ಟೀ ತರಿಸಿದರು. ವಿಷಯ ಹೇಳಿದೆ.

“ನನ್ ಪೆಟ್ಗೆ ಅಟ್ಟಕ್ಕೆ ಹೋಗಿ ಮೂರು ವರ್ಷ ಆಯ್ತು ಮೇಷ್ಟ್ರೇ. ನನಗೇನಿದೆ, ಪೇಪರ್ ಕೇಳ್ತೀನಿ, ಮೊಮ್ಮಕ್ಕಳ ಹತ್ರ ಮಾತಾಡ್ತೀನಿ. ಫೋನೇ ಸಾಕು. ನಿಮ್ ಅಕ್ಕೋರ್ದು ಪಾಠದ ಕೆಲ್ಸ, ಅವ್ರಿಗೆ ಬೇಕು, ಒಪ್ತೀನಿ” ಅಂದರು.

ನೀವೂ ಬಳಸುತ್ತಿದ್ದೀರೆಂದು ಬರೆದುಬಿಡಲೇ ಎಂದು ಕೇಳಬೇಕೆನ್ನಿಸಿತು. ಕೇಳಿದೆ ಕೂಡ.

ಅವರು ಟೀ ಲೋಟ ಕೆಳಗಿಟ್ಟು, “ಬುಡಿ ಮೇಷ್ಟ್ರೇ. ನಿಮ್ ಅಕ್ಕೋರ ನಿಜದ ಮಾತಿನ ಪಕ್ಕ ನನ್ದೊಂದು ಸುಳ್ಳು ಯಾಕೆ ಕೂರ್ಸ್ತೀರಿ” ಅಂದರು. ಹೊರಡುವಾಗ ಅಳಿಯನಿಂದ ಅಟ್ಟ ಹುಡುಕಿಸಿ, ತಮ್ಮ ಪೆಟ್ಟಿಗೆಯನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿ ಕೊಟ್ಟರು. ಅದು ಕೆಟ್ಟರೆ ಇದಿರಲಿ ಎಂದು. ಚೀಲ ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ವಾಪಸು ಬಂದೆ. ಹೋಗಿದ್ದು ಇನ್ನೊಬ್ಬ ಮನುಷ್ಯನನ್ನು ಹುಡುಕಲು, ತಂದಿದ್ದು ಇನ್ನೊಂದು ಪೆಟ್ಟಿಗೆ.

ಉತ್ತರವನ್ನು ಅಕ್ಕನೇ ಬರೆದಳು. ನಾನು ಬರೆದುಕೊಡುತ್ತೇನೆ ಎಂದಿದ್ದಕ್ಕೆ, “ನನ್ ಇಂಗ್ಲಿಷು ನಿನ್ನದಕ್ಕಿಂತ ಚೆನ್ನಾಗಿದೆ, ಆಚೆ ಹೋಗು” ಅಂದಳು. ನಾನು ಈ ಪೆಟ್ಟಿಗೆಯನ್ನು ದಿನವೂ ಬಳಸುತ್ತೇನೆ, ಇದರಿಂದಲೇ ಪಾಠ ಮಾಡುತ್ತೇನೆ, ನಾನಿದ್ದೇನೆ. ಇಷ್ಟೇ ಬರೆದದ್ದು. ಸಾಲು ಎಷ್ಟು ಅಕ್ಷರ ದಾಟಬಾರದು ಎಂದು ನನ್ನನ್ನು ಕೇಳಿ, ಬಾಣ ಒತ್ತಿ ಒತ್ತಿ ಎಣಿಸಿ, ಒಂದು ಸಾಲನ್ನು ಮುರಿದಳು. ತುದಿಯಲ್ಲಿ ಉಳಿದಿದ್ದ ಒಂದು ಬರಿದಾದ ಸ್ಪೇಸನ್ನು ಹುಡುಕಿ ಅಳಿಸಿದಳು. ಆಮೇಲೆ ಕಳಿಸಿದಳು.

ಮೂರು ವಾರ ಏನೂ ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ಅಪ್‌ಡೇಟ್ ಬಂದು ಪೆಟ್ಟಿಗೆ ಮತ್ತೆ ಪದ ನುಂಗತೊಡಗಿತು. ಅದನ್ನು ಸರಿ ಮಾಡಲೆಂದು ನಾನು ಭಾನುವಾರ ಬೆಳಗ್ಗೆ ಗುಬ್ಬಿಗೆ ಹೋಗಿ ಚಪ್ಪಲಿ ಬಿಡುತ್ತಿದ್ದಾಗಲೇ ಅಕ್ಕ ಒಳಗಿನಿಂದ, “ಬಂದದೆ ಕಣೋ, ಬಾ” ಅಂದಳು. ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತಿದ್ದಳು. ತಲೆ ಬಾಚಿ, ಹೂ ಮುಡಿದಿದ್ದಳು. ನಾನು ಬರುವ ತನಕ ತೆರೆಯದೆ ಕಾದಿದ್ದಳು.

ಮೇಲ್ ತೆರೆದಳು. ಅದು ನಾಲ್ಕು ಸಾಲಿನದ್ದು. ಪೆಟ್ಟಿಗೆ ಓದಿತು. ಬರೆದಿದ್ದಕ್ಕೆ ಧನ್ಯವಾದ ಎಂಬ ಸಾಲು, ಕೊನೆಯ ಪದವಿಲ್ಲದೆ. ಪರೀಕ್ಷಿಸಿ ನೋಡಲು ನಮ್ಮಲ್ಲಿ ಯಾರ ಬಳಿಯೂ ಈ ಯಂತ್ರವಿಲ್ಲ ಎಂಬ ಸಾಲು, ಕೊನೆಯ ಪದವಿಲ್ಲದೆ. ನೀವು ಬೇಕಾದರೆ ನಿಮ್ಮಲ್ಲೇ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು ಎಂಬುದು ಮೂರನೆಯದು. ನಾಲ್ಕನೆಯ ಸಾಲು, ಮುಂದಿನ ಕರ್ನಲ್‌ನಲ್ಲಿ ಈ ಡ್ರೈವರನ್ನು ಎಂದು ಶುರುವಾಗಿ, ತೀರ್ಮಾನದ ಪದ ಬರುವ ಹೊತ್ತಿಗೆ ಗಂಟಲು ಹಿಡಿದು ನಿಂತಿತು.

ಅಕ್ಕ ಮುಖವನ್ನು ನನ್ನ ಕಡೆ ತಿರುಗಿಸಿದಳು.

“ಕೆಪ್ಟಾ, ರಿಮೂವ್ಡಾ? ಒಂದು ಪದ ಸಾಕು, ಹೇಳೋ.”

ಆ ಪದ ನನ್ನ ಕಣ್ಣ ಮುಂದೆಯೇ ಇತ್ತು. ಸುಳ್ಳು ಹೇಳೋಣವೆಂದರೂ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಮುಖ ನೋಡದೆ ಸರಿಯಿಲ್ಲ, ಸರಿಯಿಲ್ಲ ಎಂದು ಹೇಳಿದವನಿಗೆ ಅಕ್ಕನಿಗೆ ಒಂದು ಪದ ಹೇಳಲು ದನಿ ಏಳಲಿಲ್ಲ.

ಅವಳು ಕೀಲಿಗಳ ಕಡೆ ತಿರುಗಿ, ಸಾಲಿನ ತುದಿಗೆ ಹೋಗಿ, ಕೊನೆಯ ಪದದ ಮೊದಲಿಗೆ ಬಂದು, ಬಾಣವನ್ನು ಒಂದೊಂದೇ ಸಲ ಒತ್ತಿದಳು. ಪೆಟ್ಟಿಗೆ ಅದೇ ಮೂಗುದನಿಯಲ್ಲಿ ಹೇಳಿತು. ಆರ್. ಇ. ಎಂ. ಓ. ವಿ. ಇ. ಡಿ.

ಅಕ್ಕ ಮತ್ತೆ ಹಿಂದಕ್ಕೆ ಹೋಗಿ ಇನ್ನೊಂದು ಸಲ ಹೇಳಿಸಿದಳು, ಟ್ಯೂಷನ್ನಿನ ಮಕ್ಕಳಿಂದ ಸ್ಪೆಲಿಂಗ್ ಹೇಳಿಸುವ ಹಾಗೆ. ಆಮೇಲೆ ಪೆಟ್ಟಿಗೆಯ ನೆತ್ತಿಯ ಮೇಲೆ ಕೈಯಿಟ್ಟಳು.

“ನೋಡ್ದೇನೋ, ಒಂದಕ್ಷರಾನೂ ನುಂಗ್ಲಿಲ್ಲ” ಅಂದಳು.